ಆಕ್ಷೇಪಣೆಗೂ ಶುಲ್ಕ ಬಂತು: ಪೇಟೆಂಟ್ ನಿಯಮ ಬದಲಾದರೆ ಕುಂದಾಪುರಕ್ಕೇನು?

ಕುಂದಾಪುರದ ಕೋರ್ಟಿನ ಅಂಗಳದಲ್ಲಿ ಬೆಳಿಗ್ಗೆ ಹತ್ತೂವರೆಗೆ ನಿಂತರೆ ಗಡಿ ತಕರಾರು, ಪಾಲು ದಾವೆ, ಚೆಕ್ ಬೌನ್ಸ್, ಹೆದ್ದಾರಿ ಅಪಘಾತದ ಪರಿಹಾರ ಎಲ್ಲದರ ಮಾತೂ ಕಿವಿಗೆ ಬೀಳುತ್ತದೆ. ಪೇಟೆಂಟ್ ಎಂಬ ಪದ ಬೀಳುವುದಿಲ್ಲ. ಈ ಲೇಖನಕ್ಕಾಗಿ ಪರಿಚಯದ ವಕೀಲರೊಬ್ಬರಿಗೆ ಫೋನ್ ಮಾಡಿದರೆ ಅವರು ನಕ್ಕೇಬಿಟ್ಟರು: "ಅದೆಲ್ಲ ಬೆಂಗ್ಳೂರು, ಡೆಲ್ಲಿಯವ್ರ ಕೆಲ್ಸ ಮಾರ್ರೆ, ನಮ್ಗೆಂತಕ್ಕೆ?"

ಅವರ ಮಾತು ಅರ್ಧ ಸರಿ. ಪೇಟೆಂಟ್ ಪಡೆಯುವ ದೃಷ್ಟಿಯಿಂದ ನೋಡಿದರೆ ಕುಂದಾಪುರ, ಬೈಂದೂರು, ಬ್ರಹ್ಮಾವರ ದೊಡ್ಡ ಲೆಕ್ಕಕ್ಕೆ ಬರುವ ಊರುಗಳಲ್ಲ. ಆದರೆ ಪೇಟೆಂಟ್ ಅನ್ನುವುದು ಒಂದು ಬೇಲಿ. ಬೇಲಿಯ ಒಳಗೆ ಕೆಲವರು, ಹೊರಗೆ ನಾವೆಲ್ಲ: ಕ್ಯಾನ್ಸರ್ ಮಾತ್ರೆಗೆ ದುಡ್ಡು ಹೊಂದಿಸುವವರು, ಗೇರುಬೀಜದ ಕಾರ್ಖಾನೆಯ ಯಂತ್ರ ರಿಪೇರಿ ಮಾಡುವವರು, ಅಜ್ಜಿ ತೋರಿಸಿಕೊಟ್ಟ ಬೇರನ್ನು ಅರೆದು ಮದ್ದು ಮಾಡುವವರು. ಬೇಲಿ ಹಾಕುವ ಮೊದಲೇ "ಇದು ನಿಮ್ಮ ಜಾಗ ಅಲ್ಲ" ಎಂದು ಹೇಳುವ ಹಕ್ಕು ಹೊರಗಿನವರಿಗೆ ಇದೆ. 2024ರಿಂದೀಚೆಗೆ ಸದ್ದಿಲ್ಲದೆ ಬದಲಾದದ್ದು ಆ ಹಕ್ಕು. ಸುದ್ದಿಯಾದದ್ದು ಮಾತ್ರ "ಇನ್ನು ಪೇಟೆಂಟ್ ಬೇಗ ಸಿಗುತ್ತದೆ" ಎಂಬ ಭಾಗ.

ಮೊದಲು ವ್ಯವಸ್ಥೆ ಹೇಗೆ ನಡೆಯುತ್ತದೆ ನೋಡೋಣ. ಹೊಸದೊಂದನ್ನು ಕಂಡುಹಿಡಿದವರು ಅದರ ಪೂರ್ತಿ ವಿವರ ಬರೆದು ಅರ್ಜಿ ಹಾಕುತ್ತಾರೆ. ಸಾಮಾನ್ಯವಾಗಿ 18 ತಿಂಗಳಿಗೆ ಅರ್ಜಿ ಪ್ರಕಟವಾಗುತ್ತದೆ. ಆಮೇಲೆ ಪರೀಕ್ಷಕರು ಅದನ್ನು ಓದಿ ತಕರಾರು ಎತ್ತುತ್ತಾರೆ, ಅರ್ಜಿದಾರರು ಉತ್ತರಿಸುತ್ತಾರೆ, ಕೊನೆಗೆ ಕಂಟ್ರೋಲರ್ ಪೇಟೆಂಟ್ ಕೊಡುತ್ತಾರೆ ಅಥವಾ ನಿರಾಕರಿಸುತ್ತಾರೆ. ಸಿಕ್ಕಿದರೆ, ಅರ್ಜಿ ಹಾಕಿದ ದಿನದಿಂದ 20 ವರ್ಷ ಬೇರೆ ಯಾರೂ ಅದನ್ನು ಮಾಡುವಂತಿಲ್ಲ, ಮಾರುವಂತಿಲ್ಲ.

ಪ್ರಕಟಣೆಗೂ ಪೇಟೆಂಟ್ ಸಿಗುವುದಕ್ಕೂ ನಡುವೆ ಒಂದು ಕಿಟಕಿ ಇದೆ. 1970ರ ಪೇಟೆಂಟ್ ಕಾಯ್ದೆಯ 25(1)ನೇ ಕಲಮಿನ ಪ್ರಕಾರ ಆ ಹೊತ್ತಿನಲ್ಲಿ 'ಯಾವುದೇ ವ್ಯಕ್ತಿ' ಆಕ್ಷೇಪಣೆ ಸಲ್ಲಿಸಬಹುದು. ಕಂಪನಿಯೇ ಆಗಬೇಕಿಲ್ಲ, ನಷ್ಟವಾಗಿದೆ ಎಂದು ತೋರಿಸಬೇಕಿಲ್ಲ. ಪೇಟೆಂಟ್ ಕೊಟ್ಟ ನಂತರವೂ ಒಂದು ವರ್ಷದೊಳಗೆ ಆಕ್ಷೇಪಿಸಬಹುದು, ಆದರೆ ಆಗ 'ಹಿತಾಸಕ್ತಿ ಇರುವ ವ್ಯಕ್ತಿ'ಯೇ ಆಗಿರಬೇಕು. ಎರಡು ಪದಗಳ ವ್ಯತ್ಯಾಸ ಸಣ್ಣದಾಗಿ ಕಾಣಬಹುದು, ಒಂದು ಉದಾಹರಣೆ ಹೇಳುತ್ತೇನೆ.

ಬೆಡಾಕ್ವಿಲಿನ್ ಎಂಬ ಮಾತ್ರೆ ಔಷಧಿಗೆ ಬಗ್ಗದ ಕ್ಷಯರೋಗಕ್ಕೆ ಕೊಡುವಂಥದ್ದು. ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯ ಮೂಲ ಪೇಟೆಂಟ್ 2023ರ ಜುಲೈನಲ್ಲಿ ಮುಗಿಯುವುದಿತ್ತು. ಅದೇ ಔಷಧಿಯ ಒಂದು ಲವಣ ರೂಪಕ್ಕೆ ಕಂಪನಿ ಇನ್ನೊಂದು ಅರ್ಜಿ ಹಾಕಿತ್ತು. ಅದು ಪಾಸಾಗಿದ್ದರೆ ಏಕಸ್ವಾಮ್ಯ 2027ರವರೆಗೆ ಉಳಿಯುತ್ತಿತ್ತು. 2019ರಲ್ಲಿ ಅದಕ್ಕೆ ಆಕ್ಷೇಪಣೆ ಹಾಕಿದ್ದು ಇಬ್ಬರು ಹೆಣ್ಣುಮಕ್ಕಳು: ಮುಂಬೈನ ನಂದಿತಾ ವೆಂಕಟೇಶನ್, ದಕ್ಷಿಣ ಆಫ್ರಿಕಾದ ಫುಮೇಜಾ ಟಿಸಿಲೆ. ಇಬ್ಬರೂ ಕ್ಷಯದಿಂದ ಬದುಕಿ ಬಂದವರು, ಹಳೆಯ ಚಿಕಿತ್ಸೆಯ ಅಡ್ಡಪರಿಣಾಮದಿಂದ ಕಿವಿ ಕಳೆದುಕೊಂಡವರು. 2023ರ ಮಾರ್ಚ್‌ನಲ್ಲಿ ಪೇಟೆಂಟ್ ಕಚೇರಿ ಕಂಪನಿಯ ಅರ್ಜಿಯನ್ನು ತಿರಸ್ಕರಿಸಿತು. ಕಡಿಮೆ ಬೆಲೆಯ ಜೆನೆರಿಕ್ ಮಾತ್ರೆಗೆ ದಾರಿ ಆಯಿತು. 'ಯಾವುದೇ ವ್ಯಕ್ತಿ' ಅಂದರೆ ಇದು.

ಅವರು ಆಕ್ಷೇಪಣೆ ಹಾಕಿದಾಗ ಅದಕ್ಕೆ ಸರ್ಕಾರಿ ಶುಲ್ಕ ಇರಲಿಲ್ಲ.

2024ರ ಮಾರ್ಚ್ 15ರಂದು ಜಾರಿಗೆ ಬಂದ ಪೇಟೆಂಟ್ ತಿದ್ದುಪಡಿ ನಿಯಮಗಳಲ್ಲಿ ಶುಲ್ಕ ಬಂತು. ಆನ್‌ಲೈನ್‌ನಲ್ಲಿ ಸಲ್ಲಿಸುವ ವ್ಯಕ್ತಿಗೆ, ಸ್ಟಾರ್ಟ್‌ಅಪ್‌ಗೆ, ಸಣ್ಣ ಉದ್ದಿಮೆಗೆ 4,000 ರೂಪಾಯಿ, ಉಳಿದವರಿಗೆ 20,000. ನಾಲ್ಕು ಸಾವಿರ ಏನು ಮಹಾ ಎನ್ನಬಹುದು. ವಕೀಲರ ಫೀಸಿನ ಮುಂದೆ ಅದು ಏನೂ ಅಲ್ಲ, ನಿಜ. ಆದರೆ ಅದೇ ಕಚೇರಿಯಲ್ಲಿ ಪೇಟೆಂಟ್ ಅರ್ಜಿ ಹಾಕಲು ವ್ಯಕ್ತಿಗೆ 1,600 ರೂಪಾಯಿ ಸಾಕು. ಬೇಲಿ ಹಾಕುತ್ತೇನೆ ಎನ್ನುವುದಕ್ಕಿಂತ ಹಾಕಬೇಡಿ ಎನ್ನುವುದು ದುಬಾರಿಯಾಯಿತು.

ಶುಲ್ಕಕ್ಕಿಂತ ದೊಡ್ಡ ಬದಲಾವಣೆ ಬಾಗಿಲಲ್ಲೇ ಇದೆ. ಈಗ ಆಕ್ಷೇಪಣೆ ಬಂದ ಕೂಡಲೇ ಅದು ವಿಚಾರಣೆಗೆ ಯೋಗ್ಯವೇ ಎಂದು ಕಂಟ್ರೋಲರ್ ಮೊದಲು ನಿರ್ಧರಿಸುತ್ತಾರೆ. ಯೋಗ್ಯವಲ್ಲ ಅನಿಸಿದರೆ ಆಕ್ಷೇಪಣೆ ಹಾಕಿದವರಿಗೆ ತಿಳಿಸಿ, ಅವರ ಮಾತು ಕೇಳಿ, ತಳ್ಳಿಹಾಕಬಹುದು. ನಮ್ಮ ಸಿವಿಲ್ ವಕೀಲರಿಗೆ ಇದು ಗೊತ್ತಿರುವ ರುಚಿಯೇ, ದಾವೆ ಮೇಂಟೇನಬಲ್ ಅಲ್ಲ ಎಂಬ ತಕರಾರಿನ ಹಾಗೆ. ಪರಿಣಾಮ ಮಾತ್ರ ಗಂಭೀರ. ಮೊದಲು ಒಂದು ಆಕ್ಷೇಪಣೆ ಹಾಕಿ, ಆಮೇಲೆ ಒಂದೊಂದೇ ಪುರಾವೆ ಸೇರಿಸುತ್ತ ಹೋಗುವ ಅಭ್ಯಾಸ ಇತ್ತು. ಈಗ ಮೊದಲ ದಿನವೇ ಕಡತ ಗಟ್ಟಿಯಾಗಿರಬೇಕು. ಜೊತೆಗೆ 2024ರ ಜನವರಿಯಲ್ಲಿ ನೋವಾರ್ಟಿಸ್ ಮತ್ತು ನ್ಯಾಟ್ಕೋ ನಡುವಿನ ಪ್ರಕರಣದಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ, ಪರೀಕ್ಷಕರು ಮತ್ತು ಅರ್ಜಿದಾರರ ನಡುವೆ ನಡೆಯುವ ಪರಿಶೀಲನೆಯಲ್ಲಿ ಆಕ್ಷೇಪಣೆದಾರರಿಗೆ ಕೂರುವ ಹಕ್ಕಿಲ್ಲ, ಅವೆರಡೂ ಬೇರೆ ಬೇರೆ ಪ್ರಕ್ರಿಯೆ ಎಂದಿತು.

ಸರ್ಕಾರದ ಕಡೆಗೂ ಒಂದು ವಾದ ಇದೆ, ಅದನ್ನು ಬಿಟ್ಟು ಬರೆಯುವುದು ಸರಿಯಲ್ಲ. ಪ್ರತಿಸ್ಪರ್ಧಿ ಕಂಪನಿಗಳು ಯಾರ್‍ಯಾರದೋ ಹೆಸರಲ್ಲಿ ಒಂದರ ಹಿಂದೆ ಒಂದು ಆಕ್ಷೇಪಣೆ ಹಾಕಿಸಿ ಅರ್ಜಿಯನ್ನು ವರ್ಷಗಟ್ಟಲೆ ಎಳೆಯುವುದು ನಡೆದಿದೆ. 2020ರಲ್ಲಿ ಬಾಂಬೆ ಹೈಕೋರ್ಟ್ ಇಂಥ ಬೇನಾಮಿ ಆಕ್ಷೇಪಣೆಗಳನ್ನು ಕಟುವಾಗಿಯೇ ಟೀಕಿಸಿತ್ತು. ಸರಿ, ಬೇನಾಮಿಗಳನ್ನು ತಡೆಯಲಿ. ಆದರೆ 20,000 ರೂಪಾಯಿಗೆ ಔಷಧ ಕಂಪನಿ ಹೆದರುತ್ತದೆಯೇ? ಹೆದರುವುದು ರೋಗಿಗಳ ಸಂಘ. ಕಳ್ಳನನ್ನು ಹಿಡಿಯಲು ಊರಿನವರಿಗೆಲ್ಲ ಟೋಲ್ ಹಾಕಿದ ಹಾಗಾಯಿತು ಇದು. ಟೋಲಿನ ವಿಷಯ ಉಡುಪಿ ಜಿಲ್ಲೆಯವರಿಗೆ ನಾನು ವಿವರಿಸಬೇಕಿಲ್ಲ.

ಇನ್ನೊಂದು ಕಾಕತಾಳೀಯ. ಈ ನಿಯಮಗಳು ಬರುವುದಕ್ಕೆ ಐದು ದಿನ ಮೊದಲು, ಮಾರ್ಚ್ 10ರಂದು, ಭಾರತವು ಸ್ವಿಟ್ಜರ್‌ಲೆಂಡ್, ನಾರ್ವೆ, ಐಸ್‌ಲ್ಯಾಂಡ್, ಲಿಕ್ಟೆನ್‌ಸ್ಟೈನ್ ಒಕ್ಕೂಟದ ಜೊತೆ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿತು. ಆಧಾರವಿಲ್ಲದ ಆಕ್ಷೇಪಣೆಗಳನ್ನು ಬೇಗ ತಳ್ಳಿಹಾಕುವ ಮಾತು ಆ ಒಪ್ಪಂದದ ಬೌದ್ಧಿಕ ಆಸ್ತಿ ಭಾಗದಲ್ಲೂ ಇದೆ. ನೋವಾರ್ಟಿಸ್, ರೋಶ್ ಎರಡೂ ಸ್ವಿಸ್ ಕಂಪನಿಗಳು. 2013ರ ಏಪ್ರಿಲ್ 1ರಂದು ಗ್ಲಿವೆಕ್ ಎಂಬ ಕ್ಯಾನ್ಸರ್ ಮಾತ್ರೆಯ ಪ್ರಕರಣದಲ್ಲಿ ನೋವಾರ್ಟಿಸ್ ನಮ್ಮ ಸುಪ್ರೀಂ ಕೋರ್ಟಿನಲ್ಲಿ ಸೋತಿತ್ತು. ಹಳೆಯ ಔಷಧಿಯ ಹೊಸ ರೂಪಕ್ಕೆ ಸುಮ್ಮನೆ ಪೇಟೆಂಟ್ ಸಿಗದಂತೆ ತಡೆಯುವ 3(ಡಿ) ಕಲಮು ಆಗ ಗೆದ್ದಿತು. ಆ ಕಲಮು ಇವತ್ತಿಗೂ ಹಾಗೇ ಇದೆ. ಕಾಯ್ದೆ ಮುಟ್ಟಿದರೆ ಸಂಸತ್ತಿನಲ್ಲಿ ಗಲಾಟೆ ಆಗುತ್ತದೆ. ನಿಯಮ ಬದಲಿಸಲು ಗೆಜೆಟ್ ಸಾಕು.

ಮೂರು ವರ್ಷಕ್ಕೊಮ್ಮೆ ಬಾಯಿ ಬಿಟ್ಟರೆ ಸಾಕು

ಪೇಟೆಂಟ್ ಪಡೆದವರು ಅದನ್ನು ಭಾರತದಲ್ಲಿ ಬಳಸುತ್ತಿದ್ದಾರೋ ಇಲ್ಲವೋ ಎಂದು ಸರ್ಕಾರಕ್ಕೆ ತಿಳಿಸಬೇಕು. ಇದಕ್ಕೆ ಫಾರ್ಮ್ 27 ಎಂಬ ನಮೂನೆ ಇದೆ. ನೋಡಲು ನೀರಸ ಕಾಗದ. ಆದರೆ 2012ರ ಮಾರ್ಚ್‌ನಲ್ಲಿ ಭಾರತದ ಮೊದಲ ಕಡ್ಡಾಯ ಪರವಾನಗಿ ಹೊರಬಿದ್ದದ್ದರಲ್ಲಿ ಈ ಕಾಗದದ ಪಾತ್ರ ಇತ್ತು. ಬೇಯರ್ ಕಂಪನಿಯ ನೆಕ್ಸಾವರ್ ಎಂಬ ಕ್ಯಾನ್ಸರ್ ಮಾತ್ರೆಗೆ ತಿಂಗಳಿಗೆ ಸುಮಾರು 2.80 ಲಕ್ಷ ರೂಪಾಯಿ ಆಗುತ್ತಿತ್ತು. ದೇಶದ ರೋಗಿಗಳಲ್ಲಿ ತೀರಾ ಕೆಲವರಿಗಷ್ಟೇ ಅದು ತಲುಪುತ್ತಿದೆ ಎಂಬುದನ್ನು ಕಂಪನಿಯೇ ಕೊಟ್ಟ ಬಳಕೆಯ ವಿವರ ತೋರಿಸಿತು. ನ್ಯಾಟ್ಕೋಗೆ ಅದೇ ಮಾತ್ರೆಯನ್ನು ತಿಂಗಳಿಗೆ 8,880 ರೂಪಾಯಿಗೆ ಮಾರುವ ಪರವಾನಗಿ ಸಿಕ್ಕಿತು. ಕಂಪನಿಗಳು ಈ ಫಾರ್ಮನ್ನು ಸರಿಯಾಗಿ ತುಂಬುತ್ತಿಲ್ಲ ಎಂದು ಕಾನೂನು ಪ್ರಾಧ್ಯಾಪಕ ಶಮ್ನಾದ್ ಬಶೀರ್ 2015ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿ ಹೋರಾಡಿದರು.

ಹೊಸ ನಿಯಮದಲ್ಲಿ ಪ್ರತಿ ವರ್ಷ ಕೊಡಬೇಕಿದ್ದ ವಿವರ ಮೂರು ಹಣಕಾಸು ವರ್ಷಕ್ಕೊಮ್ಮೆ ಆಯಿತು. ಎಷ್ಟು ಮೌಲ್ಯದ್ದು ಮಾರಾಟವಾಯಿತು ಎಂಬ ಲೆಕ್ಕವೂ ಬೇಡ, ಬಳಸಿದ್ದೇವೆ ಅಥವಾ ಬಳಸಿಲ್ಲ ಎಂದರೆ ಸಾಕು. ವಿವರ ಕೊಡದಿದ್ದರೆ ಆಗುತ್ತಿದ್ದ ದಂಡವೂ ಇಳಿಯಿತು. ಮೊದಲು 10 ಲಕ್ಷದವರೆಗೆ ಇತ್ತು. ಜನ ವಿಶ್ವಾಸ ಕಾಯ್ದೆಯ ತಿದ್ದುಪಡಿ 2024ರ ಆಗಸ್ಟ್ 1ರಂದು ಜಾರಿಯಾದ ಮೇಲೆ 1 ಲಕ್ಷದವರೆಗೆ, ಮೇಲೆ ದಿನಕ್ಕೆ 1,000. ಸುಳ್ಳು ಮಾಹಿತಿ ಕೊಟ್ಟರೆ ಆರು ತಿಂಗಳ ಜೈಲಿನ ಅವಕಾಶ ಇತ್ತು, ಅದು ಹೋಗಿ ವಹಿವಾಟಿನ ಶೇ 0.5 ಅಥವಾ 5 ಕೋಟಿ, ಯಾವುದು ಕಡಿಮೆಯೋ ಅಷ್ಟು ದಂಡ ಬಂತು.

ವಕೀಲಿಕೆಯ ದೃಷ್ಟಿಯಿಂದ ಇಲ್ಲಿ ಇನ್ನೊಂದು ಸಂಗತಿ ಇದೆ. ಪೇಟೆಂಟ್ ಇಲ್ಲದ ವಸ್ತುವಿನ ಮೇಲೆ 'ಪೇಟೆಂಟ್ ಪಡೆದದ್ದು' ಎಂದು ಬರೆದು ಮಾರುವುದು ಮೊದಲು ಕ್ರಿಮಿನಲ್ ಕೋರ್ಟಿಗೆ ಹೋಗಬೇಕಾದ ಅಪರಾಧ. ಈಗ ಪೇಟೆಂಟ್ ಇಲಾಖೆಯೇ ನೇಮಿಸಿದ ಅಧಿಕಾರಿ 10 ಲಕ್ಷದವರೆಗೆ ದಂಡ ಹಾಕುತ್ತಾರೆ. ಮೇಲ್ಮನವಿಯೂ ಇಲಾಖೆಯ ಮೇಲಧಿಕಾರಿಗೇ. ತಾಲ್ಲೂಕು ಕೋರ್ಟಿಗೆ ಬರಬಹುದಾಗಿದ್ದ ಒಂದೇ ಒಂದು ಎಳೆಯೂ ಕಡಿದುಹೋಯಿತು.

ಎಲ್ಲ ದಾರಿ ಚೆನ್ನೈಗೆ

ಪೇಟೆಂಟ್ ಕಚೇರಿ ಇರುವುದು ನಾಲ್ಕೇ ಊರಲ್ಲಿ: ಕೋಲ್ಕತ್ತಾ, ದೆಹಲಿ, ಮುಂಬೈ, ಚೆನ್ನೈ. ಐಟಿ ರಾಜಧಾನಿ ಎಂದು ಎದೆ ತಟ್ಟಿಕೊಳ್ಳುವ ಕರ್ನಾಟಕ ಚೆನ್ನೈ ವ್ಯಾಪ್ತಿಗೆ ಸೇರಿದೆ. ಮೊದಲು ಕಂಟ್ರೋಲರ್ ಆದೇಶದ ಮೇಲಿನ ಮೇಲ್ಮನವಿಗೆ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ ಇತ್ತು. ಅದನ್ನು 2021ರ ಏಪ್ರಿಲ್‌ನಲ್ಲಿ ಸುಗ್ರೀವಾಜ್ಞೆಯ ಮೂಲಕ ರದ್ದು ಮಾಡಿ ಕೆಲಸವನ್ನು ಹೈಕೋರ್ಟುಗಳಿಗೆ ಕೊಟ್ಟರು. ದೆಹಲಿ ಹೈಕೋರ್ಟು ಅದೇ ವರ್ಷ ಬೌದ್ಧಿಕ ಆಸ್ತಿಗೇ ಪ್ರತ್ಯೇಕ ವಿಭಾಗ ಮಾಡಿಕೊಂಡಿತು, ಮದ್ರಾಸ್ ಹೈಕೋರ್ಟು 2023ರಲ್ಲಿ. ಚೆನ್ನೈ ಕಚೇರಿಯ ಆದೇಶದ ಮೇಲ್ಮನವಿ ಸಾಮಾನ್ಯವಾಗಿ ಮದ್ರಾಸ್ ಹೈಕೋರ್ಟಿಗೇ ಹೋಗುತ್ತದೆ, ಅದೂ ಮೂರು ತಿಂಗಳೊಳಗೆ. ಶಾಸ್ತ್ರಿ ಸರ್ಕಲ್‌ನಿಂದ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ ಹೈಕೋರ್ಟಿನ ಸೀನಿಯರ್‌ಗೆ ಫೈಲು ಕೊಟ್ಟು ಬರುವ ರೂಢಿ ಇದಕ್ಕೆ ಉಪಯೋಗಕ್ಕೆ ಬಾರದು.

ಆದರೆ ಅರ್ಜಿ, ಉತ್ತರ ಎಲ್ಲ ಆನ್‌ಲೈನ್. ಕಂಟ್ರೋಲರ್ ಮುಂದಿನ ವಿಚಾರಣೆಯನ್ನೂ ವಿಡಿಯೋ ಕಾನ್ಫರೆನ್ಸ್‌ನಲ್ಲಿ ನಡೆಸಬಹುದು. ಪೇಟೆಂಟ್ ಏಜೆಂಟ್ ಆಗಲು ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ ಇರಬೇಕು, ಮೇಲೆ ಇಲಾಖೆಯ ಪರೀಕ್ಷೆ ಪಾಸಾಗಬೇಕು. ಏಜೆಂಟ್ ಅಲ್ಲದ ವಕೀಲರೂ ಕಕ್ಷಿದಾರರ ಪರವಾಗಿ ವಿಚಾರಣೆಯಲ್ಲಿ ವಾದಿಸಬಹುದು. ಅಂದರೆ ಕೋಟೇಶ್ವರದ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಈ ಕೆಲಸ ಮಾಡಲು ಕಾನೂನಿನ ಅಡ್ಡಿ ಇಲ್ಲ. ಎಂಜಿನಿಯರಿಂಗ್ ಓದಿದವರ ಕೊರತೆಯಂತೂ ನಮ್ಮಲ್ಲಿಲ್ಲ. ನಾನು ಓದುವಾಗ ಪೇಟೆಂಟ್ ಅಂದರೆ ರೆಸ್ಯೂಮೆಯಲ್ಲಿ ಚೆಂದ ಕಾಣುವ ಒಂದು ಸಾಲು, ಅಷ್ಟೇ. ಇದೊಂದು ವೃತ್ತಿ ಎಂದು ಯಾವ ಕ್ಲಾಸಿನಲ್ಲೂ ಹೇಳಲಿಲ್ಲ.

ಗಡುವುಗಳೂ ಬಿಗಿಯಾಗಿವೆ. ಅರ್ಜಿಯನ್ನು ಪರೀಕ್ಷೆಗೆ ತೆಗೆದುಕೊಳ್ಳಿ ಎಂದು ಕೋರಲು ಮೊದಲು 48 ತಿಂಗಳ ಅವಕಾಶ ಇತ್ತು, ಈಗ 31 ತಿಂಗಳು. "ಇನ್ನೂ ಟೈಮ್ ಇತ್ತ್" ಎಂದು ಕೂತರೆ ಅರ್ಜಿ ವಾಪಸ್ ಪಡೆದಂತೆ ಲೆಕ್ಕ. ಬ್ರಹ್ಮಾವರದ ವರ್ಕ್‌ಶಾಪಿನಲ್ಲಿ ಗೇರುಬೀಜ ಒಡೆಯುವ ಹೊಸ ಯಂತ್ರ ಮಾಡಿದವರಿಗೆ ಇದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ: ಯೂಟ್ಯೂಬ್. ಅರ್ಜಿ ಹಾಕುವ ಮೊದಲೇ ಯಂತ್ರದ ವಿಡಿಯೋ ಹಾಕಿದರೆ, ಕೃಷಿಮೇಳದಲ್ಲಿ ಬಿಚ್ಚಿ ತೋರಿಸಿದರೆ, ಅದು 'ಹೊಸದು' ಎಂಬ ಅರ್ಹತೆಯನ್ನೇ ಕಳೆದುಕೊಳ್ಳಬಹುದು. 12 ತಿಂಗಳ ವಿನಾಯಿತಿ ಒಂದಿದೆ, ಅದನ್ನು ಕೋರಲು 2024ರಲ್ಲಿ ಫಾರ್ಮ್ 31 ಎಂಬ ಹೊಸ ನಮೂನೆಯೂ ಬಂದಿದೆ. ಆದರೆ ಸರ್ಕಾರ ಗೆಜೆಟ್‌ನಲ್ಲಿ ಹೆಸರಿಸಿದ ಪ್ರದರ್ಶನ, ವಿದ್ವತ್ ಸಂಸ್ಥೆಯ ಮುಂದೆ ಓದಿದ ಪ್ರಬಂಧ, ಇಂಥ ಕೆಲವಕ್ಕೆ ಮಾತ್ರ. ಹಾಗಾಗಿ ಮೊದಲು 1,600 ರೂಪಾಯಿಯ ತಾತ್ಕಾಲಿಕ ಅರ್ಜಿ, ಆಮೇಲೆ ವಿಡಿಯೋ. ಪೂರ್ಣ ವಿವರ ಕೊಡಲು 12 ತಿಂಗಳು ಸಿಗುತ್ತದೆ. ಬೆಂಗಳೂರಿನ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ಪೇಟೆಂಟ್ ಮಾಹಿತಿ ಕೇಂದ್ರ ಇದೆ, ವಿಚಾರಿಸಬಹುದು.

ಅಜ್ಜಿಯ ಮಾತೂ ಸಾಕ್ಷ್ಯವೇ

ಈಗ ನನ್ನ ಪರಿಚಯದ ವಕೀಲರ ಪ್ರಶ್ನೆಗೆ ಬರುತ್ತೇನೆ: "ನಮ್ಗೆಂತಕ್ಕೆ?"

ಆಕ್ಷೇಪಣೆಗೆ ಕಾಯ್ದೆ ಕೊಡುವ ಕಾರಣಗಳ ಪಟ್ಟಿಯ ಕೊನೆಗೆ ಹೋಗಿ. 25(1)ರ 'ಜೆ' ಹೇಳುವುದು, ಅರ್ಜಿಯಲ್ಲಿ ಬಳಸಿದ ಗಿಡ, ಬೀಜ ಇತ್ಯಾದಿ ಜೈವಿಕ ವಸ್ತು ಯಾವ ಊರಿನದು ಎಂದು ಬರೆಯದಿದ್ದರೆ ಅಥವಾ ತಪ್ಪು ಬರೆದಿದ್ದರೆ ಆಕ್ಷೇಪಿಸಬಹುದು. 'ಕೆ' ಇನ್ನೂ ಮುಂದೆ ಹೋಗುತ್ತದೆ. ಆ ತಿಳಿವಳಿಕೆ ಯಾವುದೇ ಸ್ಥಳೀಯ ಸಮುದಾಯದಲ್ಲಿ, ಬಾಯಿಮಾತಿನಲ್ಲೇ ಆದರೂ ಸರಿ, ಮೊದಲೇ ಇತ್ತು ಎಂದಾದರೆ ಅದೂ ಆಕ್ಷೇಪಣೆಗೆ ಕಾರಣ. ಸಾಂಪ್ರದಾಯಿಕ ಜ್ಞಾನಕ್ಕೆ ಪೇಟೆಂಟ್ ಇಲ್ಲ ಎಂದು 3(ಪಿ) ಕಲಮು ಬೇರೆಯಾಗಿಯೇ ಹೇಳುತ್ತದೆ.

ಬಾಯಿಮಾತಿನ ಜ್ಞಾನ ಡೇಟಾಬೇಸಿನಲ್ಲಿ ಸಿಗುವುದಿಲ್ಲ. ದೆಹಲಿಯ ದೊಡ್ಡ ಲಾ ಫರ್ಮ್ ಅದನ್ನು ಕಂಪ್ಯೂಟರಿನಲ್ಲಿ ಹುಡುಕಲಾರದು. ಅದು ಇರುವುದು ಕೊಲ್ಲೂರಿನ ಕಾಡಂಚಿನ ಮನೆಯಲ್ಲಿ, ಗಂಗೊಳ್ಳಿಯಲ್ಲಿ ಬಲೆ ಹೆಣೆಯುವ ಕೈಯಲ್ಲಿ. ಅವರ ಹತ್ತಿರ ಕೂತು, ಅವರ ಕನ್ನಡದಲ್ಲೇ ಮಾತಾಡಿಸಿ, ಎಷ್ಟು ವರ್ಷದಿಂದ, ಯಾರಿಂದ ಕಲಿತದ್ದು ಎಂದು ಕೇಳಿ, ಅಫಿಡವಿಟ್ ಮಾಡಿಸುವ ಕೆಲಸ ಯಾರಿಗೆ ಬರುತ್ತದೆ? ಐವತ್ತು ವರ್ಷದ ಹಿಂದೆ ತೋಡು ಎಲ್ಲಿ ಹರಿಯುತ್ತಿತ್ತು ಎಂದು ಊರ ಹಿರಿಯರಿಂದ ಸಾಕ್ಷಿ ಹೇಳಿಸುವ ತಾಲ್ಲೂಕು ವಕೀಲರಿಗೆ. ಮೊದಲ ದಿನವೇ ಕಡತ ಗಟ್ಟಿಯಾಗಿರಬೇಕು ಎನ್ನುವ ಹೊಸ ನಿಯಮದ ಕೆಳಗೆ ಈ ಕೌಶಲದ ಬೆಲೆ ಹೆಚ್ಚಾಗಿದೆ.

ನಮ್ಮ ಜಿಲ್ಲೆಯದೇ ನೆನಪು ಇದೆ. ಬಿಟಿ ಬದನೆಗಾಗಿ ಬಳಸಿದ ಕರ್ನಾಟಕದ ಸ್ಥಳೀಯ ತಳಿಗಳಲ್ಲಿ ಉಡುಪಿ ಗುಳ್ಳವೂ ಒಂದು. ಸ್ಥಳೀಯರ, ಜೀವವೈವಿಧ್ಯ ಮಂಡಳಿಯ ಒಪ್ಪಿಗೆ ಪಡೆಯದೆ ತಳಿ ಬಳಸಲಾಗಿದೆ ಎಂದು ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ 2010ರಲ್ಲಿ ದೂರು ಕೊಟ್ಟಿತು. 2011ರಲ್ಲಿ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಕಾನೂನು ಕ್ರಮಕ್ಕೆ ನಿರ್ಧರಿಸಿತು. ಅದು ಪೇಟೆಂಟ್ ಅರ್ಜಿಯ ಜಗಳ ಆಗಿರಲಿಲ್ಲ. ಆದರೆ ಮಟ್ಟು ಗುಳ್ಳ ಯಾರದು ಎಂಬ ಪ್ರಶ್ನೆಯನ್ನು ಊರಿನ ಮಟ್ಟಕ್ಕೆ ತಂದಿತು. ಮಟ್ಟು ಗುಳ್ಳಕ್ಕೆ ಈಗ ಜಿಐ ಮಾನ್ಯತೆ ಇದೆ.

ಆ ಜೀವವೈವಿಧ್ಯ ಕಾಯ್ದೆಯೂ ಈಗ ಮೊದಲಿನಂತಿಲ್ಲ. 2023ರ ತಿದ್ದುಪಡಿ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಜೈವಿಕ ಸಂಪನ್ಮೂಲ ಬಳಸಿ ಪೇಟೆಂಟ್ ಕೋರುವ ಭಾರತೀಯ ಕಂಪನಿ ಪೇಟೆಂಟ್ ಸಿಗುವ ಮೊದಲು ಪ್ರಾಧಿಕಾರದಲ್ಲಿ ನೋಂದಾಯಿಸಿಕೊಂಡರೆ ಸಾಕು, ಅನುಮತಿ ಬೇಕಾಗುವುದು ವ್ಯಾಪಾರಕ್ಕೆ ಇಳಿದಾಗ. ಐದು ವರ್ಷದವರೆಗಿನ ಜೈಲು ಶಿಕ್ಷೆ ಹೋಗಿ ಹಣದ ದಂಡ ಬಂತು. ಗ್ರಂಥಗಳಲ್ಲಿ ಬರೆದಿಟ್ಟ ಸಾಂಪ್ರದಾಯಿಕ ಜ್ಞಾನಕ್ಕೆ ವಿನಾಯಿತಿ ಸಿಕ್ಕಿತು. ಇಲ್ಲೂ ಅದೇ ದಿಕ್ಕು: ಒಳಗಿನವರಿಗೆ ಹಗುರ, ಹೊರಗಿನವರಿಗೆ ಭಾರ.

ಒಂದು ಗೊಂದಲ ಬಿಡಿಸಬೇಕು. ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಿಂದ ತಂದ ಭತ್ತದ ಬೀಜಕ್ಕೆ ಯಾರಾದರೂ ಪೇಟೆಂಟ್ ಮಾಡಿಸಿಕೊಂಡರೆ ಏನು ಗತಿ ಎಂದು ಕೆಲವರು ಕೇಳುವುದುಂಟು. ಭಾರತದಲ್ಲಿ ಬೀಜಕ್ಕೆ, ತಳಿಗೆ ಪೇಟೆಂಟ್ ಇಲ್ಲ, ಕೃಷಿ ವಿಧಾನಕ್ಕೂ ಇಲ್ಲ. ತಳಿಗೆ ಬೇರೆಯೇ ಕಾಯ್ದೆ ಇದೆ, 2001ರದ್ದು. ಅದರಲ್ಲಿ ರೈತರು ಬೀಜ ಉಳಿಸುವ, ಮತ್ತೆ ಬಿತ್ತುವ, ಹಂಚುವ, ಮಾರುವ ಹಕ್ಕು ಸ್ಪಷ್ಟವಾಗಿದೆ, ಬ್ರಾಂಡ್ ಹಾಕಿ ಮಾರುವುದನ್ನು ಬಿಟ್ಟು. ಎಚ್ಚರ ಬೇಕಿರುವುದು ಬೀಜದಿಂದ ತೆಗೆದ ಸಾರ, ಅದರಿಂದ ಮಾಡಿದ ಔಷಧಿ, ಸಂಸ್ಕರಣೆಯ ಯಂತ್ರ ಇಂಥ ಅರ್ಜಿಗಳ ಬಗ್ಗೆ.

ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯತಿಯಲ್ಲೂ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಮೀನು, ಮದ್ದು, ಬಳಕೆಯ ಕ್ರಮ ಎಲ್ಲವನ್ನೂ ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ನಿಮ್ಮ ಪಂಚಾಯತಿಗೆ ಹೋಗಿ ಅದನ್ನು ತೋರಿಸಿ ಎಂದು ಕೇಳಿ. ಇಲ್ಲವೆಂದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಅದರಲ್ಲಿ ದಿನಾಂಕದ ಸಮೇತ ದಾಖಲಾದ ಒಂದು ಸಾಲು ನಾಳೆ ಆಕ್ಷೇಪಣೆಯ ಕಡತದಲ್ಲಿ ಮೊದಲ ಪುಟ ಆಗಬಹುದು.

ಇನ್ನು ಅರ್ಜಿಗಳನ್ನು ನೋಡುವುದು ಎಲ್ಲಿ ಎಂದರೆ, ಪೇಟೆಂಟ್ ಕಚೇರಿಯ ಜರ್ನಲ್ ಪ್ರತಿ ಶುಕ್ರವಾರ ವೆಬ್‌ಸೈಟಿನಲ್ಲಿ ಬರುತ್ತದೆ, ಓದಲು ದುಡ್ಡು ಕೊಡಬೇಕಿಲ್ಲ. ಇನ್‌ಪಾಸ್ ಎಂಬ ಹುಡುಕು ಪುಟದಲ್ಲಿ ಪುನರ್ಪುಳಿ, ಗೇರು, ಬಲೆ ಎಂದೆಲ್ಲ ಅವುಗಳ ಇಂಗ್ಲಿಷ್ ಅಥವಾ ಸಸ್ಯಶಾಸ್ತ್ರದ ಹೆಸರು ಹಾಕಿ ನೋಡಬಹುದು. ಪ್ರಕಟವಾದ ದಿನದಿಂದ ಆರು ತಿಂಗಳು ಕಳೆಯುವ ಮೊದಲು ಪೇಟೆಂಟ್ ಕೊಡುವಂತಿಲ್ಲ. ಅಫಿಡವಿಟ್ ಮಾಡಿಸಲು, 4,000 ರೂಪಾಯಿ ಒಟ್ಟು ಮಾಡಲು, ಖಚಿತವಾಗಿ ಕೈಯಲ್ಲಿರುವ ಸಮಯ ಅಷ್ಟು.